ಸ್ನೂಕರ್‌ಗೆ ಎಂಥಾ ಜಾಗ ಬೇಕು?

ಬ್ರಿಕ್‌ಫೀಲ್ಡ್ಸ್‌ನಲ್ಲಿ ನನ್ನ ಜೊತೆ ಸ್ನೂಕರ್ ಆಡೋ ಮಲೇಷ್ಯಾದ ಹುಡುಗರಿಗೆ "ಈ ಆಟದ ರೂಲ್ಸ್ ಬರೆದದ್ದು ನಮ್ಮ ಮೈಸೂರಿನ ಪಕ್ಕದ ಬೆಟ್ಟದ ಮೇಲೆ ಕಣ್ರೋ" ಅಂತ ಹೇಳಿದ್ರೆ ನಗ್ತಾರೆ. ಅವರ ಲೆಕ್ಕದಲ್ಲಿ ಸ್ನೂಕರ್ ಅಂದ್ರೆ ಇಂಗ್ಲೆಂಡು, ಈಚೆಗೆ ಚೀನಾ. ಊಟಿ ಅಂದ್ರೆ ತಮಿಳು ಸಿನಿಮಾದ ಹಾಡಿನಲ್ಲಿ ಬರೋ ಊರು, ಅಷ್ಟೆ.

2025ರ ಮೇ ತಿಂಗಳಲ್ಲಿ ಚೀನಾದ ಜಾವೊ ಶಿನ್‌ಟಾಂಗ್ ವಿಶ್ವ ಚಾಂಪಿಯನ್ ಆದಾಗ ಇಲ್ಲಿ ಎಲ್ಲರಿಗೂ ಖುಷಿಯೋ ಖುಷಿ. ಏಷ್ಯಾದವನೊಬ್ಬ ಆ ಪಟ್ಟ ಗೆದ್ದದ್ದು ಅದೇ ಮೊದಲು. ಆ ಸಂಭ್ರಮದ ಮಧ್ಯೆ ಒಬ್ಬ ಕೇಳಿದ ಪ್ರಶ್ನೆ ನನ್ನ ತಲೆಯಲ್ಲಿ ಕೂತುಬಿಟ್ಟಿದೆ. "ಇಡೀ ಜಗತ್ತು ನೋಡೋ ಪಂದ್ಯಾನ ಅಷ್ಟು ಚಿಕ್ಕ ಥಿಯೇಟರ್‌ನಲ್ಲಿ ಯಾಕೆ ಆಡಿಸ್ತಾರೆ? ನಮ್ಮ ಬುಕಿಟ್ ಜಲೀಲ್‌ನಲ್ಲಿ ಬ್ಯಾಡ್ಮಿಂಟನ್ ನಡೆಯೋ ಸ್ಟೇಡಿಯಂಗೆ ತಂದ್ರೆ ಹದಿನಾರು ಸಾವಿರ ಜನ ಕೂರಬಹುದು!"

ಪ್ರಶ್ನೆ ಸರಿಯಾಗೇ ಇದೆ. ದೊಡ್ಡ ಆಟಕ್ಕೆ ದೊಡ್ಡ ಅಂಗಳ ಬೇಕು ಅನ್ನೋದು ಎಲ್ಲರ ಲೆಕ್ಕಾಚಾರ. ಆದ್ರೆ ಸ್ನೂಕರ್‌ನ ಚರಿತ್ರೆ ತೆಗೆದು ನೋಡಿದ್ರೆ ಅದು ಬರೀ ಕೋಣೆಗಳ ಚರಿತ್ರೆ. ಮೆಸ್ಸಿನ ಕೋಣೆ, ಕ್ಲಬ್ಬಿನ ಕೋಣೆ, ಅಂಗಡಿ ಮೇಲಿನ ಕೋಣೆ. ಅದರಲ್ಲೂ ನಮ್ಮ ಕಡೆಯ ಕೋಣೆಗಳದ್ದು ದೊಡ್ಡ ಪಾಲು. ಆ ಕಥೆಯನ್ನೇ ಸ್ವಲ್ಪ ನಿಧಾನವಾಗಿ ಹೇಳ್ತೀನಿ, ಕೂತ್ಕೊಳ್ಳಿ.

1875ರ ಮಳೆಗಾಲ, ಜಬಲ್‌ಪುರ. ಡೆವನ್‌ಶೈರ್ ರೆಜಿಮೆಂಟಿನ ಆಫೀಸರುಗಳಿಗೆ ಮಾಡೋಕೆ ಕೆಲಸ ಇಲ್ಲ. ಮೆಸ್ಸಿನ ಬಿಲಿಯರ್ಡ್ಸ್ ಟೇಬಲ್ ಮೇಲೆ 'ಪಿರಮಿಡ್ಸ್', 'ಬ್ಲ್ಯಾಕ್ ಪೂಲ್' ಅಂತ ದುಡ್ಡು ಕಟ್ಟಿ ಆಡೋ ಆಟಗಳು ಆಗಲೇ ಇದ್ದವು. ನೆವಿಲ್ ಚೇಂಬರ್ಲೇನ್ ಅನ್ನೋ ಹತ್ತೊಂಬತ್ತರ ಆಸುಪಾಸಿನ ಹುಡುಗ (ಹಿಟ್ಲರ್ ಜೊತೆ ಒಪ್ಪಂದ ಮಾಡಿಕೊಂಡ ಪ್ರಧಾನಿ ಚೇಂಬರ್ಲೇನ್ ಬೇರೆ, ಇವನು ಬೇರೆ) ಎರಡನ್ನೂ ಬೆರೆಸಿ, ಇನ್ನಷ್ಟು ಬಣ್ಣದ ಚೆಂಡು ಸೇರಿಸಿ ಹೊಸ ಆಟ ಶುರು ಮಾಡಿದ. ಮಿಲಿಟರಿ ಅಕಾಡೆಮಿಯಲ್ಲಿ ಆಗ ಹೊಸದಾಗಿ ಸೇರಿದ ಹುಡುಗರನ್ನ 'ಸ್ನೂಕರ್' ಅಂತ ಆಡಿಕೊಳ್ತಿದ್ದರು. ಸುಲಭದ ಚೆಂಡೊಂದನ್ನ ಯಾರೋ ತಪ್ಪಿಸಿದಾಗ ಚೇಂಬರ್ಲೇನ್ ಅವನಿಗೆ ಆ ಹೆಸರಿಟ್ಟು ಕರೆದ. ಹೆಸರು ಆಟಕ್ಕೇ ಅಂಟಿಕೊಂಡಿತು.

ಆದರೆ ಇದಕ್ಕೆ ಸರಿಯಾದ ನಿಯಮ ಅಂತ ಆದದ್ದು ಊಟಿಯಲ್ಲಿ. ಚೇಂಬರ್ಲೇನ್ ಅಫ್ಘಾನ್ ಯುದ್ಧ ಮುಗಿಸಿಕೊಂಡು ಮದ್ರಾಸ್ ಸೇನೆಯ ಮುಖ್ಯಸ್ಥ ಫ್ರೆಡರಿಕ್ ರಾಬರ್ಟ್ಸ್ ಹತ್ತಿರ ಕೆಲಸಕ್ಕೆ ಸೇರಿದ್ದ. ಬೇಸಿಗೆ ಬಂತು ಅಂದ್ರೆ ಇಡೀ ಆಫೀಸು ಗಂಟುಮೂಟೆ ಕಟ್ಟಿ ನೀಲಗಿರಿ ಹತ್ತೋದು ಆಗಿನ ಪದ್ಧತಿ. ಅಲ್ಲಿನ ಊಟಿ ಕ್ಲಬ್ಬಿನ ಬಿಲಿಯರ್ಡ್ಸ್ ಕೋಣೆಯಲ್ಲಿ ಸ್ನೂಕರ್ ಎಲ್ಲರ ಆಟ ಆಯಿತು. 1882ರಲ್ಲಿ ನಿಯಮಗಳನ್ನ ಬರೆದು ಗೋಡೆಗೆ ಹಾಕಿದರು. ಮೈಸೂರಿನಿಂದ ಬಂಡೀಪುರ ದಾಟಿ ಘಾಟಿ ಹತ್ತಿದರೆ ನೂರಿಪ್ಪತ್ತು ಚಿಲ್ಲರೆ ಕಿಲೋಮೀಟರ್. ನಾವೆಲ್ಲ ಚಾಕೊಲೇಟು, ನೀಲಗಿರಿ ತೈಲ ತಗೊಂಡು ಬರೋಕೆ ಹೋಗ್ತೀವಲ್ಲ, ಅದೇ ಊಟಿ! ಕೊನೆಗೆ ಈ ವಿಷಯ ಜಗತ್ತಿಗೆ ಖಚಿತವಾಗಿ ಗೊತ್ತಾದದ್ದು 1938ರಲ್ಲಿ. ಮುದುಕ ಚೇಂಬರ್ಲೇನ್ 'ದಿ ಫೀಲ್ಡ್' ಅನ್ನೋ ಪತ್ರಿಕೆಗೆ ತಾನೇ ಕಾಗದ ಬರೆದು ಹೇಳಿಕೊಂಡ. ಮರುವರ್ಷ ಕಾಂಪ್ಟನ್ ಮೆಕೆಂಜಿ ಅನ್ನೋ ಲೇಖಕ ಅದನ್ನ ಸಮರ್ಥಿಸಿ ಬರೆದ. ಅಲ್ಲಿಯವರೆಗೆ ಆಟ ಹುಟ್ಟಿದ್ದೆಲ್ಲಿ ಅನ್ನೋದರ ಬಗ್ಗೆ ಬಾಯಿಗೊಂದು ಕಥೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ಊಟಿಯ ಆ ಕೋಣೆಗೆ ನಮ್ಮವರು ಹೋಗ್ತಿರಲಿಲ್ಲವೇ ಅಂದ್ರೆ ಹೋಗ್ತಿದ್ದರು, ಮಾರ್ಕರ್ ಆಗಿ. ಚೆಂಡು ಜೋಡಿಸೋದು, ಅಂಕ ಎಣಿಸೋದು, ಬಟ್ಟೆಗೆ ಬ್ರಶ್ ಹಾಕಿ ಇಸ್ತ್ರಿ ಮಾಡೋದು, ಸಾಹೇಬರಿಗೆ ಕೋಲು ಕೊಡೋದು. ಟೇಬಲ್ಲಿನ ಯಾವ ಮೂಲೆಯಲ್ಲಿ ಚೆಂಡು ಕೂದಲೆಳೆಯಷ್ಟು ವಾಲುತ್ತೆ ಅನ್ನೋದು ಅಲ್ಲಿದ್ದ ಕರ್ನಲ್‌ಗಿಂತ ಮಾರ್ಕರ್‌ಗೆ ಚೆನ್ನಾಗಿ ಗೊತ್ತಿರುತ್ತಿತ್ತು. ಆದರೆ ಆ ಕೋಣೆಯ ಬಾಗಿಲು ಆಟಗಾರನಾಗಿ ಅವನಿಗೆ ತೆರೆದದ್ದಲ್ಲ. ನಮ್ಮ ಬೆಂಗಳೂರು ಕ್ಲಬ್ಬೂ 1868ರಲ್ಲಿ ಶುರುವಾದದ್ದು ಬಿಳಿಯ ಆಫೀಸರುಗಳಿಗೇ. ಚರ್ಚಿಲ್ ಅಲ್ಲಿ ಹದಿಮೂರು ರೂಪಾಯಿ ಸಾಲ ಉಳಿಸಿಕೊಂಡು ಹೋದ ಕಥೆ ನೀವೆಲ್ಲ ಕೇಳಿರ್ತೀರಿ. ಇಲ್ಲಿ ಕೌಲಾಲಂಪುರದಲ್ಲಿ 1884ರ ಸೆಲಂಗೂರ್ ಕ್ಲಬ್‌ದೂ ಅದೇ ವಂಶ. ಎದುರಿಗೆ ಕ್ರಿಕೆಟ್ ಮೈದಾನ, ಒಳಗೆ ಬಾರು. ಬ್ರಿಟಿಷರು ಹೋದಲ್ಲೆಲ್ಲ ಕ್ಲಬ್ಬು, ಕ್ಲಬ್ಬು ಇದ್ದಲ್ಲಿ ಬಿಲಿಯರ್ಡ್ಸ್ ಟೇಬಲ್ಲು. ಆ ಕಾಲದಲ್ಲೇ ಬ್ರಿಕ್‌ಫೀಲ್ಡ್ಸ್‌ನಲ್ಲಿ ಇಟ್ಟಿಗೆ ಸುಡ್ತಿದ್ದರು. 1881ರ ಬೆಂಕಿ, ಪ್ರವಾಹದಲ್ಲಿ ಹಾಳಾದ ಊರನ್ನ ಮತ್ತೆ ಕಟ್ಟೋಕೆ ಬೇಕಾದ ಇಟ್ಟಿಗೆ. ಆಮೇಲೆ ರೈಲ್ವೆ ಬಂತು, ರೈಲ್ವೆ ಕೆಲಸಕ್ಕೆ ತಮಿಳರು, ಸಿಲೋನಿನವರು ಬಂದರು. ಕೋಣೆ ಕಟ್ಟಿದವರು ಒಬ್ಬರು, ಒಳಗೆ ಆಡಿದವರು ಇನ್ನೊಬ್ಬರು.

ಇರ್ಲಿ, ಇಂಗ್ಲೆಂಡಿಗೆ ಬರೋಣ.

ಮೊದಲ ವಿಶ್ವ ಚಾಂಪಿಯನ್‌ಷಿಪ್ ಫೈನಲ್ ನಡೆದದ್ದು 1927ರಲ್ಲಿ, ಬರ್ಮಿಂಗ್‌ಹ್ಯಾಮ್‌ನ ಕ್ಯಾಮ್‌ಕಿನ್ಸ್ ಹಾಲ್‌ನಲ್ಲಿ. ಜೋ ಡೇವಿಸ್ ಗೆದ್ದ. ಆ ದಿನಗಳಲ್ಲಿ ಲಂಡನ್ನಿನಲ್ಲಿ ಈ ಆಟದ ದೇವಸ್ಥಾನ ಅಂದ್ರೆ ಲೆಸ್ಟರ್ ಸ್ಕ್ವೇರಿನ ಥರ್ಸ್‌ಟನ್ಸ್ ಹಾಲ್. ಥರ್ಸ್‌ಟನ್ ಅನ್ನೋದು ಟೇಬಲ್ ತಯಾರಿಸೋ ಕಂಪನಿ, ಅವರದೇ ಕಟ್ಟಡದಲ್ಲಿ ಹಾಲ್. ನಮ್ಮ ಊರಿನ ಮದುವೆ ಛತ್ರದ ಊಟದ ಮನೆಗಿಂತ ಚಿಕ್ಕದು ಅಂತಿಟ್ಟುಕೊಳ್ಳಿ. 1940ರಲ್ಲಿ ಜರ್ಮನ್ ಬಾಂಬು ಬಿದ್ದು ಹಾಳಾಯಿತು. ಯುದ್ಧ ಮುಗಿದ ಮೇಲೆ ಅದೇ ಜಾಗದಲ್ಲಿ ಲೆಸ್ಟರ್ ಸ್ಕ್ವೇರ್ ಹಾಲ್ ಅಂತ ಮತ್ತೆ ತೆರೆದರು. 1955ರ ಜನವರಿಯಲ್ಲಿ, ಹಾಲ್ ಮುಚ್ಚೋಕೆ ಇನ್ನೇನು ಕೆಲವೇ ದಿನ ಇದ್ದಾಗ, ಐವತ್ತು ದಾಟಿದ ಜೋ ಡೇವಿಸ್ ಅಲ್ಲಿ 147 ಹೊಡೆದ. ಹದಿನೈದು ಕೆಂಪು, ಪ್ರತಿ ಕೆಂಪಿನ ಜೊತೆಗೂ ಕಪ್ಪು, ಕೊನೆಗೆ ಎಲ್ಲಾ ಬಣ್ಣ, ಒಂದೇ ಸಲಕ್ಕೆ. ಅಧಿಕೃತವಾಗಿ ಒಪ್ಪಿಕೊಂಡ ಮೊದಲ 147 ಅದು. ನೋಡಿದವರು ಬೆರಳೆಣಿಕೆಯ ಜನ.

ಆಮೇಲೆ ಆಟಕ್ಕೆ ಕೆಟ್ಟ ಕಾಲ. ಸರಿಯಾದ ಮನೆ ಇಲ್ಲದೆ ಅಲೆದದ್ದು. 1972ರ ಫೈನಲ್ ನಡೆದದ್ದು ಬರ್ಮಿಂಗ್‌ಹ್ಯಾಮ್‌ನ ಸೆಲಿ ಪಾರ್ಕ್ ಬ್ರಿಟಿಷ್ ಲೀಜನ್ ಅನ್ನೋ ಮಾಜಿ ಸೈನಿಕರ ಕ್ಲಬ್ಬಿನಲ್ಲಿ. ಬಿಯರ್ ಕ್ರೇಟುಗಳ ಮೇಲೆ ಹಲಗೆ ಹಾಸಿ ಜನ ಕೂತಿದ್ದರು. ಗಣಿ ಕಾರ್ಮಿಕರ ಮುಷ್ಕರದಿಂದ ಕರೆಂಟ್ ಬೇರೆ ಹೋಗ್ತಿತ್ತು, ಜನರೇಟರ್ ತಂದು ಆಡಿಸಿದರು. ಇಪ್ಪತ್ತೆರಡರ ಹುಡುಗ ಅಲೆಕ್ಸ್ ಹಿಗ್ಗಿನ್ಸ್ ಗೆದ್ದ. ಮರುವರ್ಷ ಮ್ಯಾಂಚೆಸ್ಟರ್‌ನ ಸಿಟಿ ಎಕ್ಸಿಬಿಷನ್ ಹಾಲ್. ಜಾಗ ದೊಡ್ಡದಾಯಿತು, ಸೂರು ಸೋರಿತು! ಹಿಗ್ಗಿನ್ಸ್ ಮತ್ತು ಫ್ರೆಡ್ ಡೇವಿಸ್ ಆಡ್ತಿದ್ದಾಗ ಮಳೆ ನೀರು ಟೇಬಲ್ ಮೇಲೆ ಬಿದ್ದು ಪಂದ್ಯ ನಿಲ್ಲಿಸಬೇಕಾಯಿತು. ವಿಶ್ವ ಚಾಂಪಿಯನ್‌ಷಿಪ್ ಸ್ವಾಮೀ! 1975ರಲ್ಲಿ ಆಸ್ಟ್ರೇಲಿಯಾಕ್ಕೆ ಹೋಯಿತು, ಫೈನಲ್ ಮೆಲ್ಬರ್ನಿನ ಒಂದು ಬ್ಯಾಸ್ಕೆಟ್‌ಬಾಲ್ ಕೇಂದ್ರದಲ್ಲಿ.

ಈ ಅಲೆದಾಟ ನಿಂತದ್ದು ಒಬ್ಬ ಹೆಂಗಸಿನ ಮಾತಿನಿಂದ. ಶೆಫೀಲ್ಡ್‌ನಲ್ಲಿ 1971ರಲ್ಲಿ ಕ್ರೂಸಿಬಲ್ ಅಂತ ನಾಟಕದ ಥಿಯೇಟರ್ ಕಟ್ಟಿದ್ದರು. ಕ್ಯಾರೋಲ್ ವಾಟರ್‌ಸನ್ ಅಲ್ಲಿ ಒಂದು ನಾಟಕ ನೋಡಿ ಬಂದು, ಸ್ನೂಕರ್ ಪಂದ್ಯಗಳನ್ನ ಏರ್ಪಡಿಸ್ತಿದ್ದ ಗಂಡ ಮೈಕ್‌ಗೆ "ನಿಮ್ಮ ಆಟಕ್ಕೆ ಇದು ಸರಿಯಾದ ಜಾಗ" ಅನ್ನೋ ಅರ್ಥದ ಮಾತು ಹೇಳಿದರು. 1977ರಲ್ಲಿ ಬಂದ ಚಾಂಪಿಯನ್‌ಷಿಪ್ ಅಲ್ಲೇ ನೆಲೆ ನಿಂತಿತು. ಕೋವಿಡ್ ವರ್ಷದಲ್ಲೂ ತಡವಾಗಿ, ಜುಲೈ ಕೊನೆಯಲ್ಲಿ ಶುರು ಮಾಡಿ, ಅಲ್ಲೇ ನಡೆಸಿದರು.

ಆ ಹೆಂಗಸು ಕಂಡದ್ದೇನು? ಕ್ರೂಸಿಬಲ್‌ನ ರಂಗ ಸಿನಿಮಾ ಪರದೆಯ ಥರ ಎದುರುಗಡೆ ಇಲ್ಲ, ಪ್ರೇಕ್ಷಕರ ಮಧ್ಯಕ್ಕೇ ಚಾಚಿಕೊಂಡಿದೆ. ಮೂರು ಕಡೆ ಜನ. 980 ಸೀಟು. ಎಲ್ಲಿ ಕೂತರೂ ರಂಗದಿಂದ ಸುಮಾರು ಇಪ್ಪತ್ತು ಮೀಟರ್ ಒಳಗೇ. ಸ್ನೂಕರ್ ಚೆಂಡಿನ ವ್ಯಾಸ 52.5 ಮಿಲಿಮೀಟರ್, ಒಂದು ಸಣ್ಣ ನಿಂಬೆಹಣ್ಣಿನಷ್ಟು. ಟೇಬಲ್ 12 ಅಡಿ ಉದ್ದ, 6 ಅಡಿ ಅಗಲ. ಇದನ್ನ ಬುಕಿಟ್ ಜಲೀಲ್‌ನ ಮೇಲಿನ ಸಾಲಿನಿಂದ ನೋಡಿದ್ರೆ ಹಸಿರು ಸಾಬೂನಿನ ಮೇಲೆ ಸಾಸಿವೆ ಚೆಲ್ಲಿದ ಹಾಗೆ ಕಾಣ್ತದೆ. ಬ್ಯಾಡ್ಮಿಂಟನ್‌ನಲ್ಲಿ ಆಟಗಾರ ಎಗರ್ತಾನೆ, ಬೀಳ್ತಾನೆ, ದೂರದಿಂದಲೂ ಆಟ ತಿಳಿಯುತ್ತೆ. ಸ್ನೂಕರ್‌ನಲ್ಲಿ ಆಟಗಾರ ಮಾಡೋದು ಬಗ್ಗೋದು, ಎದ್ದೇಳೋದು. ಮಿಕ್ಕಿದ್ದೆಲ್ಲ ಅವನ ಮುಖದಲ್ಲಿ, ಕೋಲು ಹಿಡಿದ ಮೊಣಕೈಯಲ್ಲಿ, ಬಿಳಿ ಚೆಂಡು ಎಲ್ಲಿ ಹೋಗಿ ನಿಲ್ಲುತ್ತೆ ಅನ್ನೋದರಲ್ಲಿ.

ಮತ್ತೆ ಸದ್ದು. ನಾನಂತೂ ಇದನ್ನೇ ಮುಖ್ಯ ಅಂತೀನಿ. ಕೋಲಿನ ತುದಿಗೆ ಚಾಕ್ ಉಜ್ಜೋ ಸದ್ದು, ಚೆಂಡಿಗೆ ಚೆಂಡು ತಾಗಿದ 'ಟಕ್', ಜೇಬಿಗೆ ಬಿದ್ದ ದಪ್ಪ ಸದ್ದು. ಸಂಗೀತ ಕಚೇರಿಯಲ್ಲಿ ತಂಬೂರಿ ಕೇಳಿಸದಿದ್ರೆ ಹೇಗಿರುತ್ತೆ ಹೇಳಿ, ಹಾಗೆ ಇದು. ಕ್ರೂಸಿಬಲ್‌ನಲ್ಲಿ ಸೆಮಿಫೈನಲ್ ತನಕ ಎರಡು ಟೇಬಲ್, ನಡುವೆ ಒಂದು ತಡಿಕೆ. ಈ ಕಡೆ ಒಬ್ಬ ಉಸಿರು ಹಿಡಿದು ಗುರಿ ಇಟ್ಟಿರ್ತಾನೆ, ಆ ಕಡೆಯಿಂದ ಯಾರಿಗೋ ಚಪ್ಪಾಳೆ. ಆಗ ಎದ್ದು ನಿಂತು, ಮತ್ತೆ ಬಗ್ಗಬೇಕು. ಸೆಮಿಫೈನಲ್‌ಗೆ ತಡಿಕೆ ಎತ್ತಿ ಒಂದೇ ಟೇಬಲ್ ಇಡ್ತಾರೆ. ಅಷ್ಟು ದಿನ ಇಕ್ಕಟ್ಟಿನಲ್ಲಿ ಆಡಿದವರಿಗೆ ಏಕಾಏಕಿ ಅಂಗಳ ಅಗಲ ಆದ ಹಾಗೆ. ಹದಿನೇಳು ದಿನದ ಟೂರ್ನಿಯಲ್ಲಿ ಆ ನಾಲ್ಕು ಜನರಿಗೆ ಮಾತ್ರ ಸಿಗೋ ಭಾಗ್ಯ ಅದು. 1985ರ ಫೈನಲ್‌ನಲ್ಲಿ ಡೆನಿಸ್ ಟೇಲರ್ ಕೊನೆಯ ಫ್ರೇಮಿನ ಕೊನೆಯ ಕಪ್ಪು ಚೆಂಡಿನಲ್ಲಿ ಸ್ಟೀವ್ ಡೇವಿಸ್‌ನ ಸೋಲಿಸಿದಾಗ ಮಧ್ಯರಾತ್ರಿ ದಾಟಿತ್ತು, ಬ್ರಿಟನ್ನಿನಲ್ಲಿ 1 ಕೋಟಿ 85 ಲಕ್ಷ ಜನ ಟಿವಿ ಮುಂದೆ ಎದ್ದು ಕೂತಿದ್ದರು. ಒಳಗಿದ್ದವರು ಸಾವಿರ ಜನವೂ ಇಲ್ಲ. ಆ ಪಂದ್ಯ ಹದಿನಾರು ಸಾವಿರ ಜನರ ಗದ್ದಲದಲ್ಲಿ ನಡೆದಿದ್ದರೆ ಟಿವಿಯಲ್ಲಿ ಆ ಮೌನ ಇರ್ತಿರಲಿಲ್ಲ. ಕೋಟಿ ಜನರನ್ನ ಎಚ್ಚರ ಇಟ್ಟದ್ದು ಆ ಮೌನವೇ ಅಂತ ನನ್ನ ಅಭಿಪ್ರಾಯ.

ಹಾಗಂತ ಕ್ರೂಸಿಬಲ್ ಸ್ವರ್ಗ ಅಂತ ನಾನೇನೂ ಹೇಳಲ್ಲ. 2024ರಲ್ಲಿ ಇರಾನಿನ ಹೊಸೈನ್ ವಫಾಯಿ ಅಲ್ಲಿ ವಾಸನೆ ಹೊಡೆಯುತ್ತೆ, ಪ್ರಾಕ್ಟೀಸ್ ಕೋಣೆ ಸರಿ ಇಲ್ಲ ಅಂತ ಬಹಿರಂಗವಾಗಿ ಬೈದ. ಸೀಟು ಕಡಿಮೆ, ಆದ್ದರಿಂದ ದುಡ್ಡು ಕಡಿಮೆ, ಬೇರೆ ಕಡೆ ಹೋಗೋಣ ಅನ್ನೋ ಚರ್ಚೆ ವರ್ಷಗಟ್ಟಲೆ ನಡೆದಿದೆ. ಸೌದಿಯವರು 2024ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಟೂರ್ನಿ ಇಟ್ಟು, 147 ಹೊಡೆದವನಿಗೆ ಇನ್ನೂ ಇಪ್ಪತ್ತು ಅಂಕ ಅಂತ ಒಂದು ಚಿನ್ನದ ಬಣ್ಣದ ಚೆಂಡನ್ನೇ ಟೇಬಲ್ ಮೇಲೆ ತಂದಿಟ್ಟರು. ದುಡ್ಡಿದ್ದರೆ ಏನು ಬೇಕಾದ್ರೂ ಮಾಡಬಹುದು ಬಿಡಿ. ಲಂಡನ್ನಿನ ಅಲೆಕ್ಸಾಂಡ್ರಾ ಪ್ಯಾಲೇಸ್, ಬರ್ಲಿನ್ನಿನ ಟೆಂಪೋಡ್ರೋಮ್ ಎರಡೂ ಕ್ರೂಸಿಬಲ್‌ಗಿಂತ ದೊಡ್ಡವು, ಅಲ್ಲೂ ಆಟ ಚೆನ್ನಾಗೇ ನಡೆದಿದೆ. ಎರಡು ಎರಡೂವರೆ ಸಾವಿರ ಜನದವರೆಗೆ ಈ ಆಟ ತಡೆದುಕೊಳ್ಳುತ್ತೆ ಅಂತ ಕಾಣುತ್ತೆ. ಟೆಂಪೋಡ್ರೋಮ್ ಅಂತೂ ಬಾವಿಯ ಥರ ಗುಂಡಗಿದೆ, ಸುತ್ತಲೂ ಜನ. ಹತ್ತಿರ ಕೂರಿಸೋ ಉಪಾಯವೇ ಅಲ್ಲೂ ಇರೋದು.

ಇನ್ನು ಟೇಬಲ್ಲಿನ ವಿಷಯ. ಇಂಜಿನಿಯರ್ ಬುದ್ಧಿ, ಇಲ್ಲಿ ಸ್ವಲ್ಪ ಜಾಸ್ತಿ ಮಾತಾಡ್ತೀನಿ, ಬೇಜಾರಾದ್ರೆ ಮುಂದಿನ ಪ್ಯಾರಾಕ್ಕೆ ಹಾರಿ :-) ಟೇಬಲ್ಲಿನ ಹಸಿರು ಬಟ್ಟೆಯ ಕೆಳಗೆ ಇರೋದು ಮರ ಅಲ್ಲ, ಕಲ್ಲು. ಐದು ಸ್ಲೇಟ್ ಚಪ್ಪಡಿಗಳನ್ನ ಸಂದು ಕಾಣದ ಹಾಗೆ ಜೋಡಿಸಿರ್ತಾರೆ. ಒಟ್ಟು ತೂಕ ಒಂದು ಟನ್‌ಗೂ ಜಾಸ್ತಿ. ಬಟ್ಟೆ ಉಣ್ಣೆಯದು, ಅದರ ನವಿರು ಒಂದೇ ದಿಕ್ಕಿಗೆ, ಆಟ ಶುರುವಾಗೋ ತುದಿಯಿಂದ ಕಪ್ಪು ಚೆಂಡಿನ ಕಡೆಗೆ ಬಾಚಿದ ಹಾಗೆ ಇರುತ್ತೆ. ಉಣ್ಣೆಗೆ ಶತ್ರು ತೇವ. ತೇವ ಕುಡಿದ ಬಟ್ಟೆಯ ಮೇಲೆ ಚೆಂಡು ಓಡಲ್ಲ, ಅಂಚಿನ ರಬ್ಬರು ಹೇಗೆಂದರೆ ಹಾಗೆ ಪುಟಿಯುತ್ತೆ. ಅದಕ್ಕೇ ದೊಡ್ಡ ಟೂರ್ನಿಗಳಲ್ಲಿ ಸ್ಲೇಟಿನ ಅಡಿಗೆ ಹೀಟರ್ ಇಟ್ಟಿರ್ತಾರೆ. ಬಾಗಿಲು ತೆಗೆದು ಜನ ಒಳಗೆ ಬಂದ್ರೆ, ಏಸಿ ಗಾಳಿ ನೇರ ಟೇಬಲ್ ಮೇಲೆ ಬೀಸಿದ್ರೆ, ಬೆಳಗ್ಗೆ ಇದ್ದ ಟೇಬಲ್ ಸಾಯಂಕಾಲ ಇರಲ್ಲ. ಕೌಲಾಲಂಪುರದಲ್ಲಿ ದಿನಾ ಮಧ್ಯಾಹ್ನ ಮಳೆ. ಬ್ರಿಕ್‌ಫೀಲ್ಡ್ಸ್‌ನ ನಮ್ಮ ಮಹಡಿ ಮೇಲಿನ ಸೆಂಟರಿನಲ್ಲಿ ಮೂರು ಗಂಟೆಗೆ ಒಂದು ಆಟ, ಮಳೆ ಬಂದು ನಿಂತ ಮೇಲೆ ಐದು ಗಂಟೆಗೆ ಇನ್ನೊಂದು ಆಟ. ಅದೇ ಹೊಡೆತಕ್ಕೆ ಬಿಳಿ ಚೆಂಡು ಒಂದಡಿ ಹಿಂದೆಯೇ ನಿಲ್ಲುತ್ತೆ. ಈ ದೃಷ್ಟಿಯಿಂದ ನೋಡಿದ್ರೆ ಒಳ್ಳೆ ಅಂಗಳ ಅಂದ್ರೆ ಹದಿನೇಳು ದಿನ ತನ್ನ ಹವೆಯನ್ನ ಬದಲಾಯಿಸದ ಕೋಣೆ. ಕಡಲಿಗಿಂತ ಒಂಬೈನೂರು ಮೀಟರ್ ಮೇಲಿರೋ, ಮಳೆಗಾಲದಲ್ಲೂ ಹದವಾಗಿರೋ ಊರು ಯಾವುದು ಅಂತ ನಾನು ಬಿಡಿಸಿ ಹೇಳಬೇಕಿಲ್ಲ.

ಈಗ ಬೆಂಗಳೂರಿಗೆ ಬಂದೆವು.

ವೃತ್ತಿಪರ ಸ್ನೂಕರ್ ಭಾರತಕ್ಕೆ ದೊಡ್ಡದಾಗಿ ಬಂದದ್ದು 2013ರಲ್ಲಿ, ಇಂಡಿಯನ್ ಓಪನ್ ಅಂತ. ವಿಶ್ವ ರ‍್ಯಾಂಕಿಂಗ್‌ಗೆ ಲೆಕ್ಕ ಸಿಗೋ ಟೂರ್ನಿ. ಮೊದಲ ಸಲ ದೆಹಲಿ. ಮುಂಬೈನ ಆದಿತ್ಯ ಮೆಹ್ತಾ ಫೈನಲ್ ತಲುಪಿ ಡಿಂಗ್ ಜುನ್‌ಹುಯಿಗೆ ಸೋತರು. ರ‍್ಯಾಂಕಿಂಗ್ ಟೂರ್ನಿಯೊಂದರ ಫೈನಲ್ ತಲುಪಿದ ಮೊದಲ ಭಾರತೀಯ ಅವರು. ಎರಡನೇದು 2015ರಲ್ಲಿ ಮುಂಬೈ, ಆಮೇಲೆ 2016 ಹೈದರಾಬಾದ್, 2017 ವಿಶಾಖಪಟ್ಟಣ, 2019 ಕೊಚ್ಚಿ. ಐದು ಸಲ, ಐದು ಊರು. ನಡೆದದ್ದೆಲ್ಲ ದೊಡ್ಡ ಹೋಟೆಲು, ಇಲ್ಲಾ ಹೋಟೆಲಿಗೆ ಅಂಟಿಕೊಂಡ ಕನ್ವೆನ್ಷನ್ ಹಾಲು. ಐದು ದಿನಕ್ಕೆ ಟೇಬಲ್ ತಂದು ಜೋಡಿಸೋದು, ಮುಗಿದ ತಕ್ಷಣ ಬಿಚ್ಚಿ ಕಳಿಸೋದು. ಮರುದಿನ ಅದೇ ಹಾಲ್‌ನಲ್ಲಿ ಯಾರದೋ ಆರತಕ್ಷತೆ. ಆಟಗಾರರಿಗೆ ಮಲಗೋ ಕೋಣೆಯಿಂದ ಆಡೋ ಕೋಣೆಗೆ ಲಿಫ್ಟಿನಲ್ಲಿ ಇಳಿದರೆ ಸಾಕು, ಅನುಕೂಲ ಅನ್ನೋದನ್ನ ನಾನು ಒಪ್ತೀನಿ. ಆದ್ರೆ ಐದು ನಕ್ಷತ್ರದ ಹೋಟೆಲಿನ ಬಾಗಿಲಲ್ಲಿ ಕಾವಲುಗಾರನನ್ನ ದಾಟಿ, ಬ್ಯಾಗು ಸ್ಕ್ಯಾನ್ ಮಾಡಿಸಿ, ಸ್ನೂಕರ್ ನೋಡೋಕೆ ಬಂದೆ ಅಂತ ಹೇಳಿಕೊಂಡು ಒಳಗೆ ಹೋಗೋ ಹದಿನಾಲ್ಕರ ಹುಡುಗ ಎಲ್ಲಿ ಸಿಗ್ತಾನೆ? ಊಟಿಯ ಬಾಗಿಲೇ ಇನ್ನೊಂದು ರೂಪದಲ್ಲಿ ಬಂದ ಹಾಗೆ ಅಲ್ವಾ? ಕೊಚ್ಚಿಯ ಮರುವರ್ಷ ಕೋವಿಡ್ ಬಂತು, ಸರಣಿ ಅಲ್ಲಿಗೆ ನಿಂತಿತು. ಈ ಐದರಲ್ಲಿ ಬೆಂಗಳೂರಿನ ಹೆಸರು ಒಂದು ಸಲವೂ ಬರಲಿಲ್ಲ.

ನನಗೆ ಹೊಟ್ಟೆ ಉರಿಯೋದು ಇದಕ್ಕೇ. ಯಾಕಂದ್ರೆ ಅಮೆಚೂರ್ ಮಟ್ಟದ ವಿಶ್ವ ಚಾಂಪಿಯನ್‌ಷಿಪ್‌ಗಳು ಬೆಂಗಳೂರಿಗೆ ಮತ್ತೆ ಮತ್ತೆ ಬಂದಿವೆ. 1990ರಲ್ಲಿ ವಿಶ್ವ ಬಿಲಿಯರ್ಡ್ಸ್ ಇಲ್ಲಿ ನಡೆದಾಗ ಮನೋಜ್ ಕೊಠಾರಿ ಗೆದ್ದರು. 2008ರಲ್ಲಿ ನಮ್ಮ ಪಂಕಜ್ ಅಡ್ವಾಣಿ ಬೆಂಗಳೂರಲ್ಲೇ ಬಿಲಿಯರ್ಡ್ಸ್‌ನ ಎರಡೂ ಬಗೆಯ ವಿಶ್ವ ಪಟ್ಟ, ಅಂಕದ್ದು ಮತ್ತು ಸಮಯದ್ದು, ಒಟ್ಟಿಗೆ ಗೆದ್ದರು. 2014ರ ವಿಶ್ವ ಸ್ನೂಕರ್‌ನಲ್ಲಿ ಚೀನಾದ ಯಾನ್ ಬಿಂಗ್‌ಟಾವೊ ಪಾಕಿಸ್ತಾನದ ಮುಹಮ್ಮದ್ ಸಜ್ಜಾದ್ ವಿರುದ್ಧ ಕೊನೆಯ ಫ್ರೇಮಿನಲ್ಲಿ, 8-7ರಲ್ಲಿ ಗೆದ್ದಾಗ ಅವನಿಗೆ ಬರೀ ಹದಿನಾಲ್ಕು ವರ್ಷ. 2016ರ ಡಿಸೆಂಬರ್‌ನಲ್ಲಿ ಮತ್ತೆ ಬಿಲಿಯರ್ಡ್ಸ್, ಮತ್ತೆ ಅಡ್ವಾಣಿ. ಈ ಸಲ ಸೋತದ್ದು ನಮ್ಮ ಪಕ್ಕದ ಸಿಂಗಪುರದ ಪೀಟರ್ ಗಿಲ್‌ಕ್ರಿಸ್ಟ್.

ಈ ಅಡ್ವಾಣಿ ಕಥೆಯಲ್ಲೂ ಕೋಣೆಗಳೇ ಇವೆ ನೋಡಿ. ಹುಟ್ಟಿದ್ದು ಪುಣೆ, ಮಗುವಾಗಿದ್ದಾಗ ಇದ್ದದ್ದು ಕುವೈತ್. ಗಲ್ಫ್ ಯುದ್ಧದ ಹೊತ್ತಿಗೆ ಸಂಸಾರ ಬೆಂಗಳೂರಿಗೆ ಬಂತು. ಅಣ್ಣ ಶ್ರೀ ಆಡೋಕೆ ಹೋಗ್ತಿದ್ದ ಸ್ನೂಕರ್ ಪಾರ್ಲರಿಗೆ ತಮ್ಮನೂ ಬಾಲ ಹಿಡಿದು ಹೋದ. ಮಾಜಿ ರಾಷ್ಟ್ರೀಯ ಚಾಂಪಿಯನ್ ಅರವಿಂದ್ ಸವೂರ್ ತಮ್ಮ ಮನೆಯಲ್ಲಿದ್ದ ಟೇಬಲ್ ಮೇಲೆ ಅವನಿಗೆ ಆಟ ಕಲಿಸಿದರು. ಮತ್ತೆ ವಸಂತನಗರದ ಕರ್ನಾಟಕ ರಾಜ್ಯ ಬಿಲಿಯರ್ಡ್ಸ್ ಸಂಸ್ಥೆಯ ಹಾಲ್. 2003ರಲ್ಲಿ ಚೀನಾದ ಜಿಯಾಂಗ್‌ಮೆನ್‌ನಲ್ಲಿ ಹದಿನೆಂಟನೇ ವಯಸ್ಸಿಗೆ ವಿಶ್ವ ಸ್ನೂಕರ್ ಗೆದ್ದ. ಪಾರ್ಲರು, ಗುರುವಿನ ಮನೆ, ಸಂಸ್ಥೆಯ ಹಾಲ್. ಮೂರಕ್ಕೂ ಕ್ಲಬ್ ಮೆಂಬರ್‌ಷಿಪ್ ಕಾರ್ಡ್ ಬೇಕಿರಲಿಲ್ಲ.

ಇದಕ್ಕಿಂತ ನನಗೆ ಇಷ್ಟವಾದ ಕಥೆ ಆರ್. ಉಮಾದೇವಿಯವರದು. ರಾಜ್ಯ ಸರ್ಕಾರದಲ್ಲಿ ಟೈಪಿಸ್ಟ್ ಆಗಿದ್ದವರು. ಕೆಲಸ ಮುಗಿದ ಮೇಲೆ ಕಬ್ಬನ್ ಪಾರ್ಕಿನ ಸಚಿವಾಲಯ ಕ್ಲಬ್ಬಿಗೆ ಟೇಬಲ್ ಟೆನಿಸ್ ಆಡೋಕೆ ಹೋಗ್ತಿದ್ದರು. ಅಲ್ಲಿ ತಮ್ಮ ಸರದಿಗೆ ಕಾಯೋ ಬದಲು ಪಕ್ಕದ ಸ್ನೂಕರ್ ಟೇಬಲ್ ಕಡೆ ತಿರುಗಿದರು. ವಯಸ್ಸು ಆಗಲೇ ಮೂವತ್ತರ ಆಸುಪಾಸು. 2012ರಲ್ಲಿ ವಿಶ್ವ ಮಹಿಳಾ ಬಿಲಿಯರ್ಡ್ಸ್ ಚಾಂಪಿಯನ್ ಆದರು! ಸರ್ಕಾರಿ ನೌಕರರ ಕ್ಲಬ್ಬಿನ ಒಂದು ಟೇಬಲ್ಲು, ಖಾಲಿ ಇದ್ದ ಅರ್ಧ ಗಂಟೆ. ಯಾವ ಕನ್ವೆನ್ಷನ್ ಹಾಲೂ ಇಂಥದ್ದನ್ನ ಕೊಟ್ಟದ್ದು ನನಗೆ ಗೊತ್ತಿಲ್ಲ.

ಕಾಲೇಜಿನಲ್ಲಿದ್ದಾಗ ವಸಂತನಗರದ ಹಾಲ್‌ಗೆ ನಾನೂ ಎರಡು ಮೂರು ಸಲ ಪಂದ್ಯ ನೋಡೋಕೆ ಹೋಗಿದ್ದೆ. ದೊಡ್ಡ ಆಡಂಬರ ಏನಿಲ್ಲ. ಕುರ್ಚಿ, ಟೇಬಲ್ ಮೇಲೆ ದೀಪ, ಗೋಡೆಗೆ ಹಳೇ ಫೋಟೋ. ನನ್ನ ಪಕ್ಕ ಕೂತಿದ್ದ ಒಬ್ಬ ತಾತ ಪ್ರತಿ ಹೊಡೆತಕ್ಕೂ ಮುಂಚೆ ಚೆಂಡು ಎಲ್ಲಿ ಬಂದು ನಿಲ್ಲುತ್ತೆ ಅಂತ ಬೆರಳಲ್ಲಿ ತೋರಿಸ್ತಿದ್ದರು, ಮಾತಾಡ್ತಿರಲಿಲ್ಲ. ಹತ್ತರಲ್ಲಿ ಎಂಟು ಸಲ ಅಲ್ಲೇ ನಿಲ್ತಿತ್ತು. ಅಂಥ ಪ್ರೇಕ್ಷಕ ಐದು ದಿನದ ಹೋಟೆಲ್ ಟೂರ್ನಿಯಿಂದ ಹುಟ್ಟಲ್ಲ. ಒಂದೇ ಕೋಣೆಗೆ ಮೂವತ್ತು ವರ್ಷ ಬಂದು ಕೂತಿರಬೇಕು. ಶೆಫೀಲ್ಡ್‌ನಲ್ಲೂ ಹೀಗೇ. ಪ್ರತಿ ಏಪ್ರಿಲ್‌ಗೆ ಅದೇ ಸೀಟು ಬುಕ್ ಮಾಡೋ ಜನ ಇದ್ದಾರೆ, ಯಾವಾಗ ಕೆಮ್ಮಬಾರದು ಅನ್ನೋದು ಅವರಿಗೆ ಗೊತ್ತು.

ಮಲೇಷ್ಯಾಕ್ಕೂ ಇದೇ ಮಾತು ಅನ್ವಯಿಸುತ್ತೆ. 2017ರ ಸೀ ಗೇಮ್ಸ್‌ನಲ್ಲಿ ಬಿಲಿಯರ್ಡ್ಸ್, ಸ್ನೂಕರ್ ಎಲ್ಲ ಅವಳಿ ಗೋಪುರದ ಪಕ್ಕದ ಕನ್ವೆನ್ಷನ್ ಸೆಂಟರಿನಲ್ಲಿ ನಡೆಯಿತು. ಚೆನ್ನಾಗಿತ್ತು ಅಂತಾರೆ. ಟೇಬಲ್ ಬಿಚ್ಚಿದರು, ಮುಗೀತು. ಆದ್ರೆ ಥಾರ್ ಚುವಾನ್ ಲಿಯಾಂಗ್ ಥರದವರು ಇಲ್ಲಿಂದ ವೃತ್ತಿಪರ ಸರ್ಕಿಟ್‌ಗೆ ಹೋದದ್ದು ಸ್ನೂಕರ್ ಸೆಂಟರುಗಳ ಲೋಕದಿಂದ.

ಸರಿ, ಬುಕಿಟ್ ಜಲೀಲ್ ಬೇಡ ಅಂದೆ, ಹೋಟೆಲೂ ಬೇಡ ಅಂದೆ. ಹಾಗಾದ್ರೆ ಎಲ್ಲಿ ಅಂತ ಕೇಳ್ತೀರಿ. ವಸಂತನಗರದ ಹಾಲ್ ಆಟಗಾರರನ್ನ ಬೆಳೆಸೋಕೆ ಸರಿ, ವಿಶ್ವ ಮಟ್ಟದ ಫೈನಲ್‌ನ ಟಿವಿ ಕ್ಯಾಮೆರಾ, ಪ್ರೇಕ್ಷಕರಿಗೆ ಸಾಲದು. ಚೌಡಯ್ಯ ಸ್ಮಾರಕ ಭವನ ಮೊದಲು ಮನಸ್ಸಿಗೆ ಬರುತ್ತೆ. ಸಾವಿರದಷ್ಟು ಸೀಟು, ಕ್ರೂಸಿಬಲ್‌ಗೆ ಹೆಚ್ಚು ಕಡಿಮೆ ಸಮ. ಆದ್ರೆ ಅಲ್ಲಿ ರಂಗ ಎದುರುಗಡೆ, ಎತ್ತರದಲ್ಲಿ. ಟೇಬಲ್ಲಿನ ಹಸಿರು ಮುಂದಿನ ಸಾಲಿನವರಿಗೆ ಕಾಣಲ್ಲ, ಕಾಲುಗಳು ಮಾತ್ರ ಕಾಣ್ತವೆ.

ನನ್ನ ಮನಸ್ಸಿನಲ್ಲಿರೋದು ಜೆ.ಪಿ. ನಗರದ ರಂಗಶಂಕರ. 2004ರಲ್ಲಿ ಶಂಕರ್ ನಾಗ್ ನೆನಪಿಗೆ ಅರುಂಧತಿ ನಾಗ್ ಮತ್ತು ಗೆಳೆಯರು ಕಟ್ಟಿದ್ದು. ಕ್ರೂಸಿಬಲ್ ಥರವೇ ಪ್ರೇಕ್ಷಕರ ಕಡೆ ಚಾಚಿದ ರಂಗ, ಮೂರು ಕಡೆಯಿಂದ ಇಳಿಜಾರಾಗಿ ಬರೋ ಸೀಟುಗಳು. ಸೀಟು ಮುನ್ನೂರು ಚಿಲ್ಲರೆ. ಕಡಿಮೆ ಆಯಿತು, ನಿಜ. ಲಾಭದ ಲೆಕ್ಕ ಹಾಕೋರು ನಗ್ತಾರೆ. ಆದ್ರೆ ಥರ್ಸ್‌ಟನ್ಸ್ ಇದಕ್ಕಿಂತ ಚಿಕ್ಕದಿತ್ತು. ಇನ್ನೊಂದು, ರಂಗಶಂಕರದಲ್ಲಿ ನಾಟಕ ಹೇಳಿದ ಹೊತ್ತಿಗೆ ಶುರು, ಒಂದು ನಿಮಿಷ ತಡವಾದ್ರೂ ಯಾರೇ ಆಗಲಿ ಹೊರಗೆ. ಮೊಬೈಲ್ ಬಂದ್. ಇಪ್ಪತ್ತು ವರ್ಷದಿಂದ ಬೆಂಗಳೂರಿನ ಜನಕ್ಕೆ ಅಲ್ಲಿ ಸುಮ್ಮನೆ ಕೂರೋದು ಅಭ್ಯಾಸ ಆಗಿದೆ. ಬೇರೆ ಯಾವ ಊರಿನಲ್ಲಿ ಇಂಥ ಪ್ರೇಕ್ಷಕರನ್ನ ಹುಡುಕ್ತೀರಿ? ಟಿಕೆಟ್ಟೂ ಮಧ್ಯಮ ವರ್ಗದವನ ಜೇಬಿಗೆ ಭಾರ ಅಲ್ಲ. ಸೆಮಿಫೈನಲ್, ಫೈನಲ್ ಒಂದೇ ಟೇಬಲ್ಲಿನಲ್ಲಿ ಅಲ್ಲಿ ಆಡಿಸಿ, ಮೊದಲ ಸುತ್ತುಗಳು ವಸಂತನಗರದಲ್ಲಿ ಆಗಲಿ.

ಟೇಬಲ್ 12 ಅಡಿ, ಸುತ್ತಲೂ ಕೋಲು ಬೀಸೋಕೆ ಕನಿಷ್ಠ ಐದೈದು ಅಡಿ, ಅಂದ್ರೆ 22ಕ್ಕೆ 16 ಅಡಿ ಜಾಗ ಸಾಕು. ಅಂಪೈರು, ಎರಡು ಕುರ್ಚಿ, ಕ್ಯಾಮೆರಾಕ್ಕೆ ಇನ್ನೊಂದಿಷ್ಟು. ಇದನ್ನ ಇಲ್ಲಿ ಗೆಳೆಯರಿಗೆ ಕಾಗದದ ಮೇಲೆ ಗೀಚಿ ತೋರಿಸಿದೆ. ಅವರಲ್ಲಿ ಸಿವಿಲ್ ಇಂಜಿನಿಯರ್ ಒಬ್ಬನಿದ್ದಾನೆ. ಅವನು ಸೀಟಿನ ಲೆಕ್ಕ ಕೇಳಲೇ ಇಲ್ಲ. ನಾಟಕದ ರಂಗ, ಒಂದು ಟನ್ ಕಲ್ಲು ಎಂಟು ಕಾಲಿನ ಮೇಲೆ ನಿಂತ್ರೆ ನೆಲ ಎಷ್ಟು ಬಗ್ಗುತ್ತೆ ಅಂತ ಕೇಳಿದ. ಶೆಫೀಲ್ಡ್‌ನವರು 1977ರಿಂದ ಪ್ರತಿ ವರ್ಷ ನಾಟಕದ ರಂಗದ ಮೇಲೇ ಟೇಬಲ್ ಹತ್ತಿಸಿ, ಮಟ್ಟ ನೋಡಿ, ಮತ್ತೆ ಇಳಿಸ್ತಾ ಇದ್ದಾರೆ, ಅದೂ ಒಂದಲ್ಲ, ಎರಡು ಅಂದೆ.